ಮುಗಿಯಿತು ಎಂಬ ಪೆಟ್ಟಿಗೆ

ಸೋಮವಾರಕ್ಕೆ ಪುದೀನ. ಮಂಗಳವಾರಕ್ಕೆ ಕಾಫಿ ಪುಡಿ.
ಬುಧವಾರ ಕಿತ್ತಳೆ ಸಿಪ್ಪೆ, ಆಗಷ್ಟೇ ಸುಲಿದದ್ದು.
ಗುರುವಾರದ ಲ್ಯಾವೆಂಡರ್ ನನಗಾಗದು, ಸೀನು ಬರುತ್ತದೆ,
ಮೇಜು ಅದುರುತ್ತದೆ;
ಆ ಅದುರೇ ಗುರುವಾರವೆಂದು ತಿಳಿದಿದ್ದಾನೆ ಮಾಕ್ಸೆನ್.
ಶುಕ್ರವಾರ ವಿನೆಗರ್, ಇಡೀ ಊರು ಮೀನು ತಿನ್ನುವ ದಿನ.

ಹಾಲಿಹೆಡ್ ಬಂದರಿನಲ್ಲಿ ಇಪ್ಪತ್ತಾರು ವರ್ಷ
ಹಡಗುಗಳನ್ನು ದಡಕ್ಕೆ ಕಟ್ಟಿದವನು ನಾನು.
ಮಂಡಿ ಸವೆದ ಮೇಲೆ ಗುಡ್ಡದ ಈ ಶಾಲೆಗೆ ಬಂದೆ,
ಸಹಾಯಕನಾಗಿ. ಎಲಿನೆಡ್ ಟೀಚರ್ ಕೇಳಿದ್ದು ಒಂದೇ ಮಾತು:
ಎಮ್ರಿಸ್, ನಿಮಗೆ ಸುಮ್ಮನಿರಲು ಬರುತ್ತದೆಯೇ?
ಬರುತ್ತದೆ ಎಂದೆ.
ಬರುತ್ತಿರಲಿಲ್ಲ.

ಮಾಕ್ಸೆನ್‌ಗೆ ಒಂಬತ್ತು. ಕಣ್ಣು ಬಲ್ಲದ್ದು ಬೆಳಕಷ್ಟನ್ನೇ,
ಕಿವಿ, ತೀರಾ ನೆತ್ತಿಯ ಮೇಲಿನ ಗುಡುಗನ್ನು.
ಅವನ ಮಾತುಗಳಿಗೆ ತೂಕವಿದೆ, ಅಂಚಿದೆ:
ಚಮಚವೆಂದರೆ ಊಟ, ಟವೆಲಿನ ತುಂಡೆಂದರೆ ಈಜು,
ಸೀಟುಬೆಲ್ಟಿನ ಬಕಲ್ ಎಂದರೆ ಮನೆಗೆ ಹೋಗುವ ವ್ಯಾನು.
ನಾನೆಂದರೆ ಒಂದು ಗೇಣು ಹಗ್ಗ,
ತುದಿಯಲ್ಲಿ ಗಂಟು, ನಾನೇ ಬಿಗಿದದ್ದು.
ಆಗಿಹೋದದ್ದಕ್ಕೆ ಒಂದು ಮರದ ಪೆಟ್ಟಿಗೆ.
ಊಟವಾಯಿತೇ, ಚಮಚ ಒಳಗೆ, ಠಕ್.
ಆ ಠಕ್ ಮೊಣಕೈವರೆಗೆ ಹತ್ತುತ್ತದೆ.

ಕೈ ಹಿಡಿದು ಎಳೆಯಬೇಡಿ, ಎನ್ನುತ್ತಾಳೆ ಎಲಿನೆಡ್.
ನಿಮ್ಮ ಕೈ ಅವನ ಕೈಯ ಕೆಳಗಿರಲಿ,
ಬಿಟ್ಟು ಹೋಗಬೇಕೆನಿಸಿದರೆ ಹೋಗುವಂತಿರಲಿ.
ಅವನು ಮೇಜು ಬಡಿದರೆ ನೀವೂ ಬಡಿಯಿರಿ, ಅಷ್ಟೇ ಸಲ.
ಆಮೇಲೆ ಕಾಯಿರಿ.
ಎಷ್ಟು ಹೊತ್ತು?
ನಿಮಗೆ ನಾಚಿಕೆಯಾಗುವಷ್ಟು. ಅದರ ಮೇಲೂ ಸ್ವಲ್ಪ.

ಮಂಜಿನಲ್ಲಿ ಹಡಗಿಗೆ ಕಾದವನು ನಾನು;
ದೀಪ ಕಾಣುವ ಮೊದಲೇ ಕಲ್ಲುಕಟ್ಟೆ
ಅಂಗಾಲಿಗೆ ಸುದ್ದಿ ಕೊಡುತ್ತಿತ್ತು.
ಇದು ಹಾಗಲ್ಲ. ಇಲ್ಲಿ ವೇಳಾಪಟ್ಟಿ ನೇತುಹಾಕಿಲ್ಲ.
ಅಕ್ಟೋಬರ್ ಪೂರ್ತಿ ಅವನು ಬಡಿದ, ನಾನು ಬಡಿದೆ,
ಇಲ್ಲವೇ ನಾನು ಬಡಿದೆ, ಅವನು ಬಡಿದ,
ಮೊದಲು ಯಾರೋ, ಲೆಕ್ಕ ತಪ್ಪಿಹೋಯಿತು.
ನವೆಂಬರಿನಲ್ಲಿ ತಪಾಸಣೆಗೆ ಬಂದ ಮಹಾಶಯರು
'ಪ್ರಗತಿ' ಎಂಬ ಕಾಲಮಿನಲ್ಲಿ ಏನು ಬರೆಯಲಿ ಎಂದರು.
ಎಲಿನೆಡ್ ಅವರ ಮೂಗಿಗೆ ಕಾಫಿ ಡಬ್ಬಿ ಹಿಡಿದು
ಕಣ್ಣು ಮುಚ್ಚಿ, ಇವತ್ತು ಯಾವ ವಾರ ಹೇಳಿ, ಎಂದಳು.

ನಿನ್ನೆ, ಕಿತ್ತಳೆಯ ದಿನ, ಊಟದ ನಂತರ
ನನಗೆ ಸ್ವಲ್ಪ ಹುಮ್ಮಸ್ಸು ಹೆಚ್ಚೇ ಆಗಿತ್ತು.
ಬಡಿದೆ, ಅವನ ತೋಳಿಗೆ ತುಟಿಯಿಟ್ಟು ಗುಂಯ್‌ಗುಟ್ಟಿದೆ,
ಮತ್ತೆ ಬಡಿದೆ, ಕಾಯುವುದನ್ನು ಮರೆತೆ.
ಅವನು ನಿಂತ.
ತಟ್ಟೆಯ ಮೇಲೆಲ್ಲ ತಡಕಾಡಿ ಚಮಚ ಸರಿಸಿದ, ಬಕಲ್ ಸರಿಸಿದ,
ಹಗ್ಗ ಸಿಕ್ಕಿತು. ಗಂಟಿನ ಮೇಲೆ ಹೆಬ್ಬೆರಳು ಆಡಿಸಿದ
ಹೆಸರನ್ನು ಎರಡು ಸಲ ಓದುವವನಂತೆ,
ಪೆಟ್ಟಿಗೆಗೆ ಹಾಕಿದ.
ಅನುಮಾನ ಉಳಿಯದಿರಲೆಂದು ನನ್ನ ಕೈಯನ್ನೂ
ಒಳಗೆ ತಳ್ಳಿ, ಮುಚ್ಚಳ ಒತ್ತಿದ.

ಸಾಕು.

ಹುಟ್ಟಿ ಒಂಬತ್ತು ವರ್ಷಕ್ಕೆ ಆಡಿದ ಮೊದಲ ಇಡೀ ಮಾತು,
ಅದೂ ನನ್ನನ್ನು ತೊಲಗೆಂದು.
ಎಲಿನೆಡ್ ಅಲ್ಲೇ ನೆಲಕ್ಕೆ ಕೂತು ನಕ್ಕಳು,
ಮೂಗೊರೆಸಿಕೊಂಡು ಆಸ್ಪತ್ರೆಯ ಲಾಂಡ್ರಿಗೆ ಫೋನ್ ಮಾಡಿದಳು.
ಅತ್ತ ಯಂತ್ರಗಳ ಸದ್ದಿನ ನಡುವೆ ಅವನ ತಾಯಿ ಮೆರೆರಿಡ್,
ಏನಂದ? ಏನಂದ? ಇನ್ನೊಮ್ಮೆ ಹೇಳಿ.
ಹೇಳಿದೆವು.
ಬಹಳ ಹೊತ್ತು ಯಂತ್ರಗಳದ್ದೇ ಸದ್ದು. ಆಮೇಲೆ,
ನನಗೂ ಒಮ್ಮೆ ಹಾಗನ್ನಲಿ, ಎಂದಳು.

ಹೇಳಿದ ಮೇಲೆ ಕೇಳಬೇಕಲ್ಲ.
ಬಾಗಿಲ ಬಳಿಯ ಕುರ್ಚಿಯಲ್ಲಿ ಸಂಜೆಯವರೆಗೆ ಕೂತೆ,
ಗೆಣ್ಣಿನ ಮೇಲೆ ಮುಚ್ಚಳದ ಗೀರು, ಉಗುರಲ್ಲಿ ಕಿತ್ತಳೆ.

ಇವತ್ತು ಗುರುವಾರ.
ಹಗ್ಗ ಪೆಟ್ಟಿಗೆಯಲ್ಲೇ ಇದೆ, ತೆಗೆಯುವುದು ನನ್ನ ಕೆಲಸವಲ್ಲ.
ಅವನ ಬೆರಳು ಅಂಚಿನ ಮೇಲೆ ನಡೆಯುತ್ತಿವೆ,
ಒಳಗಿಳಿಯುತ್ತವೋ, ಹಾಗೇ ದಾಟುತ್ತವೋ.
ಮೂಗು ಉರಿಯುತ್ತಿದೆ.
ಮೇಜಿನಿಂದ ದೂರ ಸರಿದು, ಎರಡೂ ಕೈಯಲ್ಲಿ ಮೂಗು ಹಿಡಿದು
ಸೀನನ್ನು ತಡೆದುಕೊಂಡಿದ್ದೇನೆ.