ಉಸಿರು ಬಿಟ್ಟ ಮ್ಯಾಲ

ಪಂಖಾ ಬಂದ್ ಮಾಡು ಅಂತಾರ ತಹಸೀನ್ ಮೇಡಂ.
ಕಲಬುರಗಿ, ಏಪ್ರಿಲ್ ತಿಂಗಳ, ಮಧ್ಯಾಹ್ನದ ಎರಡು.
ಹೊರಗ ಶಹಾಬಾದಿ ಫರಸಿ ಮ್ಯಾಗ
ನಾಯಿ ಸೈತ ಕಾಲಿಡವಲ್ದು.
ಆದ್ರ ಆ ದಾರ ಅದಲ್ರಿ, ಹತ್ತು-ಸೊನ್ನಿ ನಂಬರಿಂದು,
ಕೂದಲಕಿಂತ ಸಣ್ಣದು,
ಗಾಳಿಗಿ ಹಾರಿತಂದ್ರ ಅರ್ಧಾ ತಾಸು ಹುಡುಕಬೇಕು.
ಬಂದ್ ಮಾಡ್ತೀನಿ.

ನಾ ಇಲ್ಲಿ ಅಟೆಂಡರ್. ಇಪ್ಪತ್ತಾರು ವರ್ಷ ಆಯ್ತು.
ಮುಂಜಾನಿ ಸೂಪರ್ ಮಾರ್ಕೆಟ್ಟಿಗಿ ಹೋಗಿ
ನಾಕು ಕೋಳಿ ತೊಡಿ ತರ್ತೀನಿ.
"ದಿನಾ ನಾಕೇ? ಮನ್ಯಾಗ ಉಣ್ಣೋರು ಎಷ್ಟು ಮಂದಿ?"
ಅಂಗಡಿಯಾಂವ ಕೇಳ್ತಾನ.
ಉಣ್ಣೋರಲ್ಲೋ, ಕಲಿಯೋರು.
ತೊಡಿ ಒಳಗ ಶ್ಯಾವಿಗಿ ಎಳಿಯಂಥ ನಾಳ ಒಂದು.
ಅದನ್ನ ಕತ್ತರಿಸಬೇಕು, ಮತ್ತ ಕೂಡಿಸಬೇಕು.
ಎಂಟು ಟಾಕಿ.

ಆ ದುರ್ಬೀನಿನಾಗ ನಾನೂ ಒಮ್ಮೆ ಕಣ್ಣಿಟ್ಟೀನಿ.
ಬೆರಳು ನಡುಗಿದ್ದು ಬೆರಳಿಗಿ ಗೊತ್ತಾಗಲ್ಲ,
ಅಲ್ಲಿ ಊರೇ ಅಲುಗಿದಂಗ ಕಾಣ್ತದ.
ಮೊದಲನೇ ತಿಂಗಳ ಮೇಡಂ ಚಾ ಬಿಟ್ರು.
ಎರಡನೇ ತಿಂಗಳ ಸಿಟ್ಟು ಬಿಟ್ರು.
ಆದ್ರೂ ದಾರ ಹರಿತು, ನಾಳ ಹರಿತು,
ಒಂದಿನ ಆಕಡಿ ಗ್ವಾಡಿನೂ ಸೇರಿಸಿ ಹೊಲ್ದು
ನಾಳದ ಬಾಯೇ ಮುಚ್ಚಿತು.
"ಧೂಳಪ್ಪ, ನನ್ನ ಕೈಲೆ ಆಗಲ್ಲ."

ಕಲಿಸಲಾಕ ದೊಡ್ಡ ಪ್ರೊಫೆಸರ್ ಅದಾರ. ನಾ ಯಾರು?
ಆದ್ರೂ ಬಾಯಿ ಸುಮ್ಕಿರಲಿಲ್ಲ:
ಉಸಿರು ಬಿಟ್ಟ ಮ್ಯಾಲ ಗಂಟು ಹಾಕ್ರಿ, ಮೇಡಂ.
ಎದಿ ತುಂಬಿದ್ದಾಗ ಕೈ ಮಾತು ಕೇಳಲ್ಲ.
ಬಿಟ್ಟು, ಇನ್ನೊಂದು ತಗೊಳ್ಳೋದ್ರ ನಡು
ಒಂದ್ ಚೂರು ಜಾಗ ಅದ.
ಅಲ್ಲೇ ಹಾಕ್ರಿ.

ಇದು ನನ್ನ ಮಾತಲ್ಲ, ಗುಂಡೇರಾಯಂದು.
ಕಾಲೇಜ್ ಗೇಟಿನ ಎದುರಾ ಬೇವಿನ ಗಿಡದ ತಳಗ
ಪಂಕ್ಚರ್ ತಗೀತಿದ್ದ.
ಸೈಕಲ್ಲಿಗಿ ವಾಲ್‌ಟ್ಯೂಬ್ ಏರಸಾಗ
ಹಿಂಗೇ ಉಸಿರು ಬಿಟ್ಟು ಏರಸಾಂವ.
ಒಂದಿನ ನನ್ನ ಕೈಲೇ ದೇಹದಾನದ ಅರ್ಜಿ ಬರಸಿ
ಹೆಬ್ಬಟ್ಟು ಒತ್ತಿದ.
"ಹಳಿ ಟ್ಯೂಬ್ ಸುಟ್ರ ಬರೀ ಹೊಗಿ, ಧೂಳಪ್ಪ.
ಕತ್ತರಿಸಿದ್ರ ಹತ್ತು ಪಂಕ್ಚರಿಗಿ ಪಟ್ಟಿ ಆಗ್ತದ."

ಇವತ್ತು ಕೋಳಿ ಬರೀ ಕೈ ಬೆಚ್ಚಗ ಮಾಡಲಾಕ.
ಆಮ್ಯಾಲ ಹದಿನೇಳನೇ ನಂಬರು.
ನಾಳ ತೊಳದು ಖಾಲಿ ಮಾಡೀನಿ,
ಕುತ್ತಿಗಿಗಿ ಕೆಂಪು ನೀರಿನ ನಳಿಗಿ ಕಟ್ಟೀನಿ,
ಮುಖದ ಮ್ಯಾಗ ಒದ್ದಿ ಅರಿವಿ.
ಹೆಸರು ಹೇಳಬಾರದು, ಕಾಯ್ದೆ ಅದ.
ಆದ್ರ ಕಿವಿ ಅರಿವಿ ಹೊರಗ ಉಳದದ.
ಆ ಕಿವಿ ಹಿಂದ ನೀಲಿ ಚಾಕ್‌ಪೀಸ್ ಇಡಾಂವ,
ತೂತಿಗಿ ಗುರ್ತು ಹಾಕಲಾಕ.

ಮೇಡಂ ಅದೇ ಕಿವಿ ಮುಂದ
ನೀಲಿ ಪೆನ್ನಿಲೆ ಗೆರಿ ಎಳೀತಾರ.

ಎಲುಬು ತಗದ್ರು.
ಜೇಡರ ಬಲಿಯಂಥ ಪರದಾ, ಅದರ ತಳಗ
ಎರಡು ದಿಬ್ಬದ ನಡು ಹಳ್ಳ, ಹಳ್ಳದಾಗ ನಾಳ.
"ಎಡಗಡಿ ಇದು. ಮಾತಿನ ಜಾಗ, ಹುಷಾರು," ಅಂದ್ರು ಪ್ರೊಫೆಸರ್.
ನನಗ ನಗಿ ಬಂತು, ತಡಕೊಂಡೆ.
ಎಷ್ಟು ಬೈಗಳ ಇಲ್ಲಿಂದ ಹೊಂಟಿದ್ದವೋ,
ಉದ್ರಿ ಗಿರಾಕಿ ಮ್ಯಾಗ, ನನ್ನ ಮ್ಯಾಗ.

ನೆತ್ತಿ ಕಡಿಗಿ ಹೋಗೋ ನಾಳ ತಂದು
ಹಳ್ಳದ ನಾಳಕ್ಕ ಕೂಡಿಸಿದ್ರು. ಎರಡು ತಾಸು.
ಚಿಮಟಾ ಬಿಚ್ಚಿ, ನಾ ನೀರು ಬಿಟ್ಟೆ.
ನಾಳ ಉಬ್ಬಿತು, ಕೆಂಪಾಯ್ತು,
ಮೂರನೇ ಟಾಕಿ ಬಲ್ಲಿ
ಒಂದು ಹನಿ.

ಬುಟ್ಟಿ ನೀರಾಗ ಟ್ಯೂಬ್ ಮುಳುಗಿಸಿ
ಗುಳ್ಳಿ ಬರೋದು ಕಾಯ್ತಿದ್ವಿ, ಅಂವ, ನಾ.
ಯಾರೂ ಏನೂ ಅನ್ನಲಿಲ್ಲ.
ಮೇಡಂ ಮತ್ತ ಸೂಜಿ ಹಿಡದ್ರು.
ಅವರ ಬೆನ್ನು ಏರಿತು, ಇಳೀತು,
ನಿಂತಿತು.

ಹನಿ ಮತ್ತ ಬರಲಿಲ್ಲ.

ಆರು ಗಂಟಿಗಿ ಸೂಜಿ ಎಣಿಸಿ ಡಬ್ಬಿಗಿ ಹಾಕಿದೆ.
ಒದ್ದಿ ಅರಿವಿ ಕಿವಿ ತನಕ ಎಳದೆ.
ಎಂಟು ಟಾಕಿ ಹಾಕಿದ ಕೋಳಿ ತೊಡಿ,
ದಾರ ಬಿಚ್ಚಿ, ಕಂಪೌಂಡಿನ ಬೆಕ್ಕಿಗಿ.
ಪಂಖಾ ಚಾಲೂ ಮಾಡಿದೆ.