ಕೈಗಡದ ರಾಜ್ಯ

ಸುರಪುರದಾಗ ನಾಟಕ ಅಂದ್ರ
ಮೊದ್ಲು ಒಂದು ನೋಟ್‌ಬುಕ್ಕು.
ಯಾರ ಮನಿಯಿಂದ ಏನು ತಂದದ್ದು, ಯಾವಾಗ ಹೊಳ್ಳಿ ಕೊಡೋದು,
ಬರಿಯೋ ಕೆಲಸ ನಂದು.
ಇಪ್ಪತ್ತೆರಡು ವರ್ಷಾತು, ಮುಖಕ್ಕ ಬಣ್ಣ ಹಚ್ಚಿಲ್ಲ,
ಆದ್ರ ನನ್ನ ಬಿಟ್ಟು ಯಾವ ರಾಜನೂ ಗಾದಿ ಮ್ಯಾಲ ಕುಂತಿಲ್ಲ.

ಸಿಂಹಾಸನ: ಹಡಪದ ಸಿದ್ರಾಮನ ಅಂಗಡಿ ಕುರ್ಚಿ.
ತಲಿ ಆನಿಸೋ ದಿಂಬು ಬಿಚ್ಚಿ ಜರಿ ಸುತ್ತಿದ್ರ ಆತು.
ಬಲಗಡಿ ಹಿಡಿಕಿ ಸಡಿಲ.
ಗುಡುಗು: ಬಂದಾದ ರೇಷನ್ ಅಂಗಡಿ ತಗಡು.
ಪರದಾ: ಮಹಿಬೂಬ ಟೇಲರ್ ಹೊಲದದ್ದು,
ಮೂರು ಹಳೀ ಶಾಮಿಯಾನಾ ಕೂಡಿಸಿ;
ಅದ್ರಾಗ ಯಾರದೋ ವಲೀಮಾದ ಬಿರ್ಯಾನಿ ವಾಸನಿ ಇನ್ನಾ ಅದ.
ರಾಣಿ ಸರ: ದವಾಖಾನಿ ಎಸ್ತೇರಮ್ಮ ಸಿಸ್ಟರ್ ಕೊಟ್ಟದ್ದು.
ಸರ ಬೇಕಂದ್ರ ಪಾತ್ರನೂ ನಂದೇ, ಅಂದಿದ್ಲು
ಹದಿನಾಲ್ಕು ವರ್ಷದ ಹಿಂದ.
ಅವತ್ತಿನಿಂದ ನಮ್ಮೂರ ರಾಣಿಗೆ
ಮೀಸಿ ಬೋಳಿಸ್ಕೊಳ್ಳೋ ತ್ರಾಸಿಲ್ಲ.

ತಾಲೀಮು ರಾತ್ರಿ ಒಂಬತ್ತಕ್ಕ, ಸಾಲಿ ಅಂಗಳದಾಗ.
ಹಯ್ಯಾಳಪ್ಪ ಕಂಡಕ್ಟರ್ ಕೊನೀ ಬಸ್ಸು ಡಿಪೋಕ್ಕ ಬಿಟ್ಟು ಬರೋತನಕ
ರಾಜ್ಯಕ್ಕ ರಾಜ ಇಲ್ಲ.
ಬಂದವನೇ ಚೀಲ ತೆಗಿದೇನೇ ಯುದ್ಧ ಸಾರ್ತಾನ,
ಸೊಂಟದಾಗ ಚಿಲ್ಲರ ಗಲಗಲ ಅಂತದ.

ಕಲಬುರಗಿಯಿಂದ ಒಬ್ಬ ಮಾಸ್ತರ್ ಬಂದಿದ್ರು ಕಲಸ್ಲಾಕ.
ಮಾತಿನ ನಡುವ ಇಷ್ಟ್ಯಾಕ ನಿಲ್ತೀರಿ, ಅಂದ್ರು.
ನಾವು ಗುಡ್ಡ ತೋರಿಸಿದ್ವಿ.
ಸುತ್ತ ಬಂಡಿಗಲ್ಲು. ಏನಂದ್ರೂ ಅದು
ಒಂದು ಉಸಿರು ತಡಾ ಮಾಡಿ ಹೊಳ್ಳಿ ಅಂತದ.
"ಯಾರಲ್ಲಿ!" ಅಂದ್ರ
ಮ್ಯಾಲಿಂದ "ಅಲ್ಲೀ..."
ಅದು ಮುಗಿಸೋತನಕ ನಾವು ಬಾಯಿ ತೆರಿಯಲ್ಲ,
ದೊಡ್ಡವರ ಮಾತಿನಾಗ ಅಡ್ಡ ಬರಬಾರದಲ್ರಿ.
ಮಾಸ್ತರು ನಕ್ಕರು.
ಗುಡ್ಡನೂ ನಕ್ತು, ತಡಾ ಮಾಡಿ.

ಈ ಸಲ ಪಟ್ಟಿಯೊಳಗ ಒಂದು ಶಾಲು.
ಅಮಲಪ್ಪಂದು. ಹೋದ ಯುಗಾದಿತನಕ ಅವನೇ ರಾಜ ಇದ್ದ.
ದೇವಕೆಮ್ಮ ಟ್ರಂಕಿನಿಂದ ತೆಗೆದು
ಬೇವಿನೆಲಿ ಝಾಡಿಸಿ ಕೊಟ್ಲು, ಮಾತಿಲ್ಲ ಕತಿಯಿಲ್ಲ.
ಯಾವಾಗ ತಂದು ಕೊಡ್ಲಿ ಯಕ್ಕಾ, ಅಂದೆ.
ಬಾಗಿಲು ಮುಂದ ಮಾಡಿದ್ಲು.
ತಾರೀಕಿನ ಜಾಗ ಖಾಲಿ ಬಿಟ್ಟೆ.

ಆಟದ ರಾತ್ರಿ. ತಟ್ಟು, ಚಾಪಿ,
ಟ್ರ್ಯಾಕ್ಟರ್ ಟ್ರಾಲಿ ತುಂಬ ಮಂದಿ.
ಎರಡನೇ ಅಂಕ. ಹಯ್ಯಾಳಪ್ಪ ಶಾಲು ಹೊತ್ತು ಗಾದಿಗೇರಿದ.
"ಬಲಗಡಿ ಹಿಡಿಕಿ ಜ್ವಾಕಿ!" ಸಿದ್ರಾಮ ಕುಂತಲ್ಲೇ ಒದರಿದ.
ಮಂದಿ ನಗೋದ್ರಾಗ
ಮೊದಲ ಸಾಲಿನಿಂದ ದೇವಕೆಮ್ಮ ಎದ್ಲು.
ಮೂರು ಮೆಟ್ಟಲು ಹತ್ತಿ, ಬೆಳಕಿಗೆ ಕಣ್ಣು ಕಿರಿದು ಮಾಡಿ,
ರಾಜನ ಬಲ ಹೆಗಲಿನ ಶಾಲು ತೆಗೆದು
ಎಡ ಹೆಗಲಿಗೆ ಹಾಕಿದ್ಲು.
"ಹಿಂಗ," ಅಂದ್ಲು.
ಮೈಕಿನಾಗ ಬಿತ್ತು ಅದು.

ಮುಂದಿನ ಮಾತು ಹಯ್ಯಾಳಪ್ಪಂದು. ಅವ ಆಡ್ಲಿಲ್ಲ.
ಪರದಾ ಹಿಂದ ನಾನು ತಗಡು ಹಿಡಕೊಂಡು ನಿಂತಿದ್ದೆ,
ಅಲುಗಾಡಿದ್ರ ಗುಡುಗ್ತದ ಅಂತ ಉಸಿರು ಬಿಗಿಹಿಡಿದು.
ಕೂಸುಗೋಳು ಸೈತ ಸುಮ್ನಾದ್ವು.
"ಹಿಂಗ..." ಅಂತು ಗುಡ್ಡ.
ಆಕಿ ಇಳಿದು ಹೋಗಿ ತನ್ನ ಚಾಪಿ ಮ್ಯಾಲ ಕುಂತ್ಲು.
ರಾಜ ಯುದ್ಧ ಸಾರಿದ.

ಮರುದಿನ ಕುರ್ಚಿ ಹೊತ್ತು ಒಯ್ದೆ. ಹಿಡಿಕಿ ಪೂರಾ ಕಿತ್ತಿತ್ತು;
ಬೈಯೋದ್ರಾಗ ಸಿದ್ರಾಮ ನಮ್ಮಪ್ಪನ್ನೂ ಬಿಡ್ಲಿಲ್ಲ.
ತಗಡು, ಸರ, ಕತ್ತಿ, ಎರಡು ಗ್ಯಾಸ್‌ಬತ್ತಿ,
ಒಂದೊಂದಕ್ಕ ಗೀಟು ಹೊಡೀತಾ ಬಂದೆ.
ಶಹಾಪುರ ಬಸ್ಸಿನಾಗ ಹಯ್ಯಾಳಪ್ಪ ಟಿಕೆಟ್ ಕೊಡ್ಲಾಕತ್ತಿದ್ದ,
ಕಿವಿ ಹಿಂದ ಇನ್ನಾ ಬಣ್ಣ.

ಕಡೀಕ ಶಾಲು.
ದೇವಕೆಮ್ಮ ಮೂಗಿಗೆ ಹಿಡಿದು ನೋಡಿ ಹೊಳ್ಳಿ ನನ್ನ ಕೈಗಿಟ್ಲು:
"ಬೀಡಿ ವಾಸನಿ ಹೊಡಿತದ.
ನಮ್ಮಾಂವ ಸೇದ್ತಿರಲಿಲ್ಲ.
ತೊಳದು ತಾ."

ತೊಳದು ಹಾಕೀನಿ, ಬಂಡಿಗಲ್ಲ ಮ್ಯಾಲ.
ಒಣಗ್ಲಾಕತ್ತದ.