ಕೋಲು ಹಿಡಿಯುವವನು

ಟೆಸ್ಸಾ ವೀಬ್ ಹಾರಿದ್ದನ್ನು ನಾನು ನೋಡಿಲ್ಲ,
ನಾಲ್ಕು ವರ್ಷ ಪಕ್ಕದಲ್ಲೇ ನಿಂತಿದ್ದೂ.
ಅವಳು ಕೈಬಿಟ್ಟ ಕೋಲು ಅಡ್ಡಪಟ್ಟಿಗೆ ತಾಗದಂತೆ
ಹಿಡಿಯುವುದು ನನ್ನ ಕೆಲಸ; ಕಣ್ಣು ಕೋಲಿನ ಮೇಲೆ.

ಕಾನ್ಸಾಸಿನ ಗಾಳಿ ಯಾರ ಮಾತೂ ಕೇಳುವುದಿಲ್ಲ.
ಗೋಧಿ ಹೊಲ ದಾಟಿ ಅಡ್ಡಡ್ಡ ಬೀಸಿದರೆ
ಕೆಮಿಸ್ಟ್ರಿ ಮೇಷ್ಟ್ರು, ಅವರೇ ಕೋಚು,
ಬೇಲಿಗೆ ಕಟ್ಟಿದ ರಿಬ್ಬನ್ ನೋಡುತ್ತ ‘ತಡಿ, ತಡಿ’ ಅನ್ನುವರು.
ಅವಳು ಆಗಲೇ ಓಡುತ್ತಿರುವಳು.

ಕಿವಿಯಿಂದಲೇ ನನಗೆ ಗೊತ್ತು ಆ ಹಾರಾಟ:
ಹದಿನಾಲ್ಕು ಹೆಜ್ಜೆ, ಕೊನೆಯವೆರಡು ಅವಸರ,
ಪೆಟ್ಟಿಗೆಯೊಳಕ್ಕೆ ಕೋಲು ಖಟ್ಟೆಂದು ನಾಟುವುದು,
ಫೈಬರ್ ಬಾಗುವಾಗಿನ ಸಣ್ಣ ನರಳಾಟ,
ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲದ್ದು ವರ್ಷದಿಂದ ವರ್ಷಕ್ಕೆ ಉದ್ದವಾಯಿತು.

ಮೊದಲ ವರ್ಷ ಏಳೂವರೆ ಅಡಿ, ಮೂಗಿನಲ್ಲಿ ರಕ್ತ.
ಮರುವರ್ಷ ಮಣಿಕಟ್ಟು ಮುರಿದು ಲೆಕ್ಕಕ್ಕಿಲ್ಲ.
ಮೂರನೆಯದು, ಕೌಂಟಿಗೆ ಎರಡನೆಯವಳು;
ಬಸ್ಸಿನ ನೆತ್ತಿಗೆ ಬಿಗಿದ ಕೋಲುಗಳು
ಮನೆವರೆಗೂ ಸಿಳ್ಳೆ ಹಾಕಿದವು, ಅವಳು ತುಟಿ ಬಿಚ್ಚಲಿಲ್ಲ.

ಕೊನೆಗೆ ವಿಚಿಟಾ, ರಾಜ್ಯ ಕೂಟ.
ಅಲ್ಲಿ ಕೋಲು ಹಿಡಿಯಲು ಅವರದೇ ಜನ;
ನಾನು ಮೊದಲ ಸಲ ಗ್ಯಾಲರಿಯಲ್ಲಿ, ಕೈ ಖಾಲಿ.
ಹನ್ನೆರಡಡಿ ಮೂರಿಂಚು. ಜನ ದಡಬಡ ಎದ್ದರು.
ಹಾಳು ಅಭ್ಯಾಸ, ನನ್ನ ಕಣ್ಣು ಮಾತ್ರ
ಹಿಂದಕ್ಕೆ ವಾಲುತ್ತಿದ್ದ ಕೋಲಿನ ಜೊತೆ ಹೋಯಿತು.
ಗೆದ್ದ ಮೇಲೂ ಪಟ್ಟಿ ಏರಿಸೆಂದಳು, ಮೂರು ಸಲ ಕೆಡವಿ ನಕ್ಕಳು.

ಈಗ ಜಿಮ್ಮಿನ ಹಲಗೆಯಲ್ಲಿ ಅವಳ ಹೆಸರಿದೆ;
ಅಕ್ಷರ ಸಾಲದೆ ‘ಬಿ’ಯನ್ನು ಬ್ಯಾಸ್ಕೆಟ್‌ಬಾಲಿನ ಸಾಲಿನಿಂದ ಕಿತ್ತದ್ದು.
ನನಗೆ ನೆನಪಿರುವುದು ಕೋಲು:
ಅಂಗೈಗೆ ಬಂದು ಸೇರುವಾಗ ಅವಳ ಹಿಡಿತದ ಬಿಸಿ,
ಅಂಟುಟೇಪಿನ ವಾಸನೆ,
ಮತ್ತೆ ಆ ಹಗುರ,
ಯಾರನ್ನೋ ಈಗಷ್ಟೇ ಮೇಲೆ ಬಿಟ್ಟು ಬಂದ ಹಾಗೆ.